ಬೂದಿ ಮುಚ್ಚಿದ ಕೆಂಡಕ್ಕೆ ಕಾವಲು ಯಾರು?

ರಾಯಚೂರು ಜಿಲ್ಲೆಯವರಿಗೆ ಬೂದಿಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1985ರಲ್ಲಿ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಆರಂಭವಾದಂದಿನಿಂದ ಬೆಳಕು ನಾಡಿಗೆಲ್ಲ ಹಂಚಿಹೋಯಿತು, ಹಾರುಬೂದಿ ಮಾತ್ರ ನಮ್ಮ ಪಾಲಿಗೆ ಉಳಿಯಿತು. ಆದ್ದರಿಂದ 2025ರ ಆರಂಭದಲ್ಲಿ ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ಹುಡುಕುತ್ತಿದ್ದಾರೆಂಬ ಸುದ್ದಿ ಬಂದಾಗ, ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್‌ನಂತಹ ಊರಿನಲ್ಲಿ ಕುಳಿತ ನಮಗೆ ಅದು ಬೇರೆಯವರ ಸುದ್ದಿಯಾಗಿ ಕಾಣಲಿಲ್ಲ. ಕೊಪ್ಪಳದ ಜನ ವಿರೋಧಿಸಿದರು. ಸ್ಥಾವರದ ಪರ ಮಾತನಾಡುವವರು ಎಂದಿನಂತೆ ಒಂದೇ ಮಾತು ಹೇಳಿದರು: ಇದರಲ್ಲಿ ಹೊಗೆಯಿಲ್ಲ, ಬೂದಿಯಿಲ್ಲ, ಇದು ಸ್ವಚ್ಛ ವಿದ್ಯುತ್.

ಹೊಗೆಯಿಲ್ಲ ಎಂಬುದನ್ನು ಒಪ್ಪೋಣ. ಬೂದಿಯಿಲ್ಲ ಎಂಬುದು ಶುದ್ಧ ಸುಳ್ಳು. ಕಲ್ಲಿದ್ದಲಿನ ಬೂದಿ ಒಂದು ದಿನದಲ್ಲಿ ಆರುತ್ತದೆ. ಅಣು ಒಲೆಯ ಬೂದಿ ಆರುವುದಿಲ್ಲ. ರಿಯಾಕ್ಟರಿನಲ್ಲಿ ಬಳಸಿ ಹೊರತೆಗೆದ ಯುರೇನಿಯಂ ಇಂಧನ ಒಳಗೆ ಹೋದಾಗ ಇದ್ದುದಕ್ಕಿಂತ ಲಕ್ಷಾಂತರ ಪಟ್ಟು ಹೆಚ್ಚು ವಿಕಿರಣ ಸೂಸುವ ವಸ್ತುವಾಗಿ ಹೊರಬರುತ್ತದೆ. ರಿಯಾಕ್ಟರನ್ನು ನಿಲ್ಲಿಸಿದ ಕ್ಷಣದಲ್ಲೂ ಅದರ ಶಾಖದ ಶೇಕಡ ಆರೇಳರಷ್ಟು ಇಂಧನದೊಳಗೆ ತಾನಾಗಿಯೇ ಹುಟ್ಟುತ್ತಿರುತ್ತದೆ. ಇದಕ್ಕೆ ಗುಂಡಿ ಒತ್ತಿ ನಿಲ್ಲಿಸುವ ಉಪಾಯವಿಲ್ಲ. ವರ್ಷಗಟ್ಟಲೆ ನೀರಿನಲ್ಲಿ ಮುಳುಗಿಸಿಟ್ಟು, ಆ ನೀರನ್ನು ಪಂಪುಗಳಿಂದ ತಂಪು ಮಾಡುತ್ತಲೇ ಇರಬೇಕು. ಪಂಪಿಗೆ ವಿದ್ಯುತ್ ಬೇಕು, ವಿದ್ಯುತ್ ಹೋದರೆ ಡೀಸೆಲ್ ಜನರೇಟರ್ ಬೇಕು, ಇವೆಲ್ಲವನ್ನು ನೋಡಿಕೊಳ್ಳಲು ಹತ್ತಿರ ನಿಲ್ಲಬಲ್ಲ ಮನುಷ್ಯ ಬೇಕು.

ಈ ಮೂರನೆಯ ಅಗತ್ಯದ ಬಗ್ಗೆಯೇ ನಮ್ಮ ತಕರಾರು. ರಿಯಾಕ್ಟರಿನಲ್ಲಿ ಅಪಘಾತವಾದ ದಿನ ಆ ಕೊಳದ ಬಳಿ ನಿಲ್ಲಬಲ್ಲ ಮನುಷ್ಯ ಇರುತ್ತಾನೆಯೇ? ನಮ್ಮಲ್ಲಿ ಅಣು ಸುರಕ್ಷತೆಯ ಚರ್ಚೆಯೆಂದರೆ ರಿಯಾಕ್ಟರ್ ಸಿಡಿಯುತ್ತದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆಗೆ ನಿಂತುಬಿಡುತ್ತದೆ. ಪಕ್ಕದ ಕೊಳದಲ್ಲಿ ಏನು ಬಿದ್ದಿದೆ ಎಂದು ಕೇಳುವವರಿಲ್ಲ.

2011ರ ಮಾರ್ಚ್ 11ರಂದು ಜಪಾನಿನ ಫುಕುಷಿಮಾದಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಸುನಾಮಿ ಬಂದಾಗ ನಾಲ್ಕನೆಯ ಘಟಕದ ರಿಯಾಕ್ಟರ್ ಓಡುತ್ತಲೇ ಇರಲಿಲ್ಲ. ರಿಪೇರಿಗಾಗಿ ಅದನ್ನು ಖಾಲಿ ಮಾಡಿ ಇಂಧನವನ್ನೆಲ್ಲ ಮೇಲಂತಸ್ತಿನ ಕೊಳದಲ್ಲಿ ಇಟ್ಟಿದ್ದರು. ಹೊಸತೂ ಹಳತೂ ಸೇರಿ 1,535 ಇಂಧನ ಕಟ್ಟುಗಳು. ಖಾಲಿ ರಿಯಾಕ್ಟರ್ ಏನು ಮಾಡೀತು ಎನ್ನಬೇಡಿ. ಮೂರನೆಯ ಘಟಕದಿಂದ ಕೊಳವೆಯ ಮೂಲಕ ನುಗ್ಗಿದ ಜಲಜನಕ ಅನಿಲ ಮಾರ್ಚ್ 15ರಂದು ಸಿಡಿದು ಆ ಕಟ್ಟಡದ ಮಾಡು ಹಾರಿಹೋಯಿತು. ಕೊಳ ಆಕಾಶಕ್ಕೆ ತೆರೆದುಕೊಂಡಿತು. ವಿದ್ಯುತ್ತಿಲ್ಲ, ಪಂಪಿಲ್ಲ. ಎರಡು ದಿನಗಳ ಬಳಿಕ ಸೈನಿಕರು ಹೆಲಿಕಾಪ್ಟರಿನಿಂದ ಮೂರನೆಯ ಘಟಕದ ಮೇಲೆ ನೀರು ಸುರಿದರು, ಅದರಲ್ಲಿ ಬಹುಪಾಲು ಗಾಳಿಗೆ ಚದುರಿಹೋಯಿತು. ಕೊನೆಗೆ ಬಹುಮಹಡಿ ಕಟ್ಟಡಗಳಿಗೆ ಕಾಂಕ್ರೀಟ್ ಏರಿಸುವ ಉದ್ದ ಕತ್ತಿನ ಪಂಪ್ ಲಾರಿಯನ್ನು ತಂದು ಕೊಳಕ್ಕೆ ನೀರು ಹಾಕಬೇಕಾಯಿತು. ತಂತ್ರಜ್ಞಾನದಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ದೇಶದ ಕೈಯಲ್ಲಿ ಆ ವಾರ ಇದ್ದದ್ದು ಅಷ್ಟೇ.

ಆ ಕೊಳ ಬತ್ತಲಿಲ್ಲ, ಇಂಧನ ಹೊತ್ತಿಕೊಳ್ಳಲಿಲ್ಲ. ಇದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಬತ್ತದೇ ಉಳಿದದ್ದು ಹೇಗೆ? ರಿಯಾಕ್ಟರಿನ ಬಾವಿಗೂ ಕೊಳಕ್ಕೂ ನಡುವೆ ಒಂದು ಗೇಟು ಇತ್ತು. ಮಾರ್ಚ್ ಮೊದಲ ವಾರದಲ್ಲೇ ಖಾಲಿಯಾಗಬೇಕಿದ್ದ ಬಾವಿ, ರಿಪೇರಿ ಕೆಲಸ ತಡವಾದ್ದರಿಂದ ಇನ್ನೂ ತುಂಬಿಕೊಂಡಿತ್ತು. ಆ ಗೇಟಿನ ಸಂದಿಯಿಂದ ನೀರು ಸೋರಿ ಕೊಳಕ್ಕೆ ಬಂತು. ತಡವಾದ ಕೆಲಸ, ಸೋರುವ ಗೇಟು ಇವೆರಡೂ ಸೇರಿ ದೇಶವೊಂದನ್ನು ಕಾಪಾಡಿದವು. ಯೋಜನೆಯ ಪ್ರಕಾರ ಎಲ್ಲವೂ ಸರಿಯಾಗಿ ನಡೆದಿದ್ದರೆ ಗತಿಯೇನಾಗುತ್ತಿತ್ತೋ! ಆ ದಿನಗಳಲ್ಲಿ ಜಪಾನಿನ ಅಣುಶಕ್ತಿ ಆಯೋಗದ ಅಧ್ಯಕ್ಷ ಶುನ್ಸುಕೆ ಕೊಂಡೊ ಅವರು ಪ್ರಧಾನಿ ನವೊಟೊ ಕಾನ್ ಅವರಿಗೆ ಒಂದು ಗುಪ್ತ ಟಿಪ್ಪಣಿ ಸಿದ್ಧಪಡಿಸಿಕೊಟ್ಟಿದ್ದರು. ವಿಕಿರಣದಿಂದಾಗಿ ಸಿಬ್ಬಂದಿ ಜಾಗ ಬಿಟ್ಟು ಓಡಬೇಕಾಗಿ ಬಂದು, ಕೊಳಗಳು ಒಂದರ ಹಿಂದೊಂದು ಬತ್ತಿದರೆ, 250 ಕಿಲೋಮೀಟರ್ ವ್ಯಾಪ್ತಿಯವರೆಗೂ ಜನ ಊರು ಬಿಡಬೇಕಾದೀತು ಎಂಬುದು ಅದರ ಸಾರ. ಆ ವರ್ತುಲದಲ್ಲಿ ಟೋಕಿಯೊ ಕೂಡ ಬರುತ್ತಿತ್ತು.

ಈಗ ನಮ್ಮ ಕೈಗಾಕ್ಕೆ ಬರೋಣ. ಉತ್ತರ ಕನ್ನಡದಲ್ಲಿ ಕಾಳಿ ನದಿಯ ಕದ್ರಾ ಜಲಾಶಯದ ಅಂಚಿನಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ರಿಯಾಕ್ಟರುಗಳಿವೆ. ಹುಬ್ಬಳ್ಳಿ-ಧಾರವಾಡ ಅಲ್ಲಿಂದ ನೂರು ಕಿಲೋಮೀಟರಿನೊಳಗೆ, ನಾವು ಸುಮಾರು ಮುನ್ನೂರು ಕಿಲೋಮೀಟರ್ ದೂರದಲ್ಲಿದ್ದೇವೆ. ಇಲ್ಲಿನ ಒಂದೊಂದು ರಿಯಾಕ್ಟರಿನಲ್ಲಿ 306 ಕೊಳವೆಗಳು, ಅವುಗಳಲ್ಲಿ 3,672 ಇಂಧನ ಕಟ್ಟುಗಳು. ಒಂದು ಕಟ್ಟು ಮೊಳಕ್ಕಿಂತ ತುಸು ಉದ್ದ, ತೂಕ ಸುಮಾರು ಹದಿನೈದು ಕಿಲೋ. ಈ ಮಾದರಿಯ ರಿಯಾಕ್ಟರಿನ ವಿಶೇಷವೆಂದರೆ ಅದನ್ನು ನಿಲ್ಲಿಸದೆಯೇ ಇಂಧನ ಬದಲಿಸಬಹುದು. ಕೈಗಾದ ಒಂದನೆಯ ಘಟಕ 962 ದಿನ ನಿಲ್ಲದೆ ಓಡಿ 2018ರ ಡಿಸೆಂಬರ್ 31ರಂದು ನಿಂತಾಗ ವಿಶ್ವದಾಖಲೆಯೆಂದು ಪತ್ರಿಕೆಗಳು ಸಂಭ್ರಮಿಸಿದವು. ಆ ಸಿಬ್ಬಂದಿಯ ಶ್ರಮಕ್ಕೆ ನಮ್ಮ ಮೆಚ್ಚುಗೆಯೂ ಇದೆ. ಆದರೆ ಆ ಅವಧಿಯುದ್ದಕ್ಕೂ ಒಂದು ಕಡೆಯಿಂದ ಹೊಸ ಕಟ್ಟುಗಳು ಒಳಹೋಗುತ್ತಿದ್ದರೆ ಇನ್ನೊಂದು ಕಡೆಯಿಂದ ಬಳಸಿದ ಕಟ್ಟುಗಳು ಕೊಳಕ್ಕೆ ಬೀಳುತ್ತಿದ್ದವು ಎಂದು ಎಷ್ಟು ಪತ್ರಿಕೆಗಳು ಬರೆದವು?

ಕೈಗಾದ ಇಂಧನ ಫುಕುಷಿಮಾದಂತಹದ್ದಲ್ಲ ಎಂಬ ಸಮರ್ಥನೆ ಬರುತ್ತದೆ. ನಿಜ. ಇಲ್ಲಿನದು ಸಮೃದ್ಧಗೊಳಿಸದ ಸಹಜ ಯುರೇನಿಯಂ. ಬಳಸಿ ತೆಗೆದ ಮೇಲೆ ಅದರ ಶಾಖ ಕಡಿಮೆ, ಸಾಧಾರಣ ನೀರಿನಲ್ಲಿ ಅದು ತಾನಾಗಿ ಸರಪಳಿ ಕ್ರಿಯೆಗೆ ಇಳಿಯುವುದಿಲ್ಲ. ಆದರೆ ಅದೇ ಕಾರಣಕ್ಕೆ ಅಷ್ಟೇ ವಿದ್ಯುತ್ತಿಗೆ ಹಲವು ಪಟ್ಟು ಹೆಚ್ಚು ಇಂಧನ ಉರಿಸಬೇಕು, ರಾಶಿ ಬೇಗ ಬೆಳೆಯುತ್ತದೆ. ಅದರೊಳಗೆ 30 ವರ್ಷಕ್ಕೆ ಅರ್ಧವಾಗುವ ಸೀಸಿಯಂ ಇದೆ, 24 ಸಾವಿರ ವರ್ಷಕ್ಕೆ ಅರ್ಧವಾಗುವ ಪ್ಲುಟೋನಿಯಂ ಇದೆ. ಬೆಂಕಿ ಹೊತ್ತಿಕೊಳ್ಳುವ ಸಾಧ್ಯತೆ ಕಡಿಮೆ ಎಂದ ಮಾತ್ರಕ್ಕೆ ಕಾವಲು ಬೇಡವೆಂದಾಗುವುದಿಲ್ಲ.

ಕೈಗಾದ ಮಾದರಿಯ ರಿಯಾಕ್ಟರುಗಳಲ್ಲಿ ಅನಾಹುತವೇ ಆಗಿಲ್ಲವೆಂದೂ ಹೇಳುವಂತಿಲ್ಲ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನಿನ ಬ್ಲೇಡು ಮುರಿದು ಬೆಂಕಿ ಹತ್ತಿತು. ಕೇಬಲ್ಲುಗಳು ಸುಟ್ಟು ಇಡೀ ಘಟಕ ಸುಮಾರು 17 ಗಂಟೆ ಕತ್ತಲಲ್ಲಿತ್ತು. ಸಿಬ್ಬಂದಿ ಟಾರ್ಚ್ ಹಿಡಿದು ಮೇಲೆ ಹತ್ತಿ ಕೈಯಾರೆ ಬೋರಾನ್ ದ್ರಾವಣ ಬಿಡಬೇಕಾಯಿತು. ಮರುವರ್ಷ, 1994ರ ಮೇ 13ರಂದು, ಕೈಗಾದಲ್ಲೇ ಕಟ್ಟುತ್ತಿದ್ದ ಗುಮ್ಮಟದ ಒಳಪದರ ಕುಸಿದು ನೂರಕ್ಕೂ ಹೆಚ್ಚು ಟನ್ ಕಾಂಕ್ರೀಟ್ ಕೆಳಗೆ ಬಿತ್ತು. ಆಗ ಅಲ್ಲಿ ಇಂಧನವಿರಲಿಲ್ಲ, ಅದು ನಮ್ಮ ಪುಣ್ಯ. 2009ರ ನವೆಂಬರಿನಲ್ಲಿ ಯಾರೋ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತ ಭಾರಜಲ ಹಾಕಿ, ಐವತ್ತಕ್ಕೂ ಹೆಚ್ಚು ನೌಕರರು ಅದನ್ನು ಕುಡಿದರು. ಒಳಗಿನವರದೇ ಕೃತ್ಯವೆಂದು ಅಧಿಕಾರಿಗಳೇ ಹೇಳಿದರು. ಕಾವಲಿನೊಳಗಿನ ಕೂಲರನ್ನೇ ಕಾಯಲಾಗದವರು 24 ಸಾವಿರ ವರ್ಷಗಳ ಲೆಕ್ಕ ಹೇಳುವಾಗ ಸ್ವಲ್ಪ ಸಂಕೋಚವಾದರೂ ಇರಬೇಕಲ್ಲವೇ?

ಕಾಯುವುದೆಂದರೇನು ಎಂಬುದು ಮಾನ್ವಿ, ಸಿಂಧನೂರಿನ ರೈತರಿಗೆ ಚೆನ್ನಾಗಿ ಗೊತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಕಣ್ಣೆದುರೇ ನದಿಗೆ ಹರಿದುಹೋಯಿತು. ಎಡದಂಡೆ ಕಾಲುವೆಯ ಕೊನೆ ಭಾಗದವರು ಭತ್ತದ ಸಸಿ ಹಿಡಿದು ಆಕಾಶ ನೋಡುವಂತಾಯಿತು. ಗೇಟುಗಳನ್ನು ಬದಲಿಸಲೆಂದು 2025-26ರಲ್ಲಿ ಎರಡನೆಯ ಬೆಳೆಗೆ ನೀರೂ ಬಿಡಲಿಲ್ಲ. ಅದು ಎಲ್ಲರ ಕಣ್ಣಿಗೂ ಕಾಣುವ ಅಣೆಕಟ್ಟು. ಮಂಡಳಿಯಿದೆ, ಎಂಜಿನಿಯರುಗಳಿದ್ದಾರೆ, ಮೂರು ರಾಜ್ಯಗಳ ಹಿತ ಅದರಲ್ಲಿದೆ. ಆದರೂ ಎಪ್ಪತ್ತು ವರ್ಷಕ್ಕೆ ಒಂದು ಸರಪಳಿ ಕೈಕೊಟ್ಟಿತು. ಅಲ್ಲಿ ಹರಿದದ್ದು ನೀರು, ಕೆಲವೇ ದಿನಗಳಲ್ಲಿ ಜನ ಹತ್ತಿರ ಹೋಗಿ ತಾತ್ಕಾಲಿಕ ಗೇಟು ಇಳಿಸಲು ಸಾಧ್ಯವಾಯಿತು. ವಿಕಿರಣ ಸೋರಿದ ಕೊಳದ ಬಳಿ ಹಾಗೆ ಹೋಗಲಾಗದು. ಫುಕುಷಿಮಾದ ನಾಲ್ಕನೆಯ ಕೊಳ ಖಾಲಿಯಾಗಲು 2014ರ ಡಿಸೆಂಬರ್ ಬರಬೇಕಾಯಿತು, ಮೂರನೆಯದಕ್ಕೆ 2021ರ ಫೆಬ್ರವರಿ. ಒಂದನೆಯ ಘಟಕದ ಕೊಳದಲ್ಲಿರುವ 392 ಕಟ್ಟುಗಳನ್ನು ತೆಗೆಯುವ ಕೆಲಸ ಆರಂಭಿಸಲು ಅವರು ಇಟ್ಟುಕೊಂಡ ಗುರಿಯೇ 2027-28.

ಬಳಸಿದ ಇಂಧನ ಕಸವಲ್ಲ, ಸಂಪತ್ತು, ಅದರಿಂದ ಪ್ಲುಟೋನಿಯಂ ತೆಗೆದು ಮತ್ತೆ ವಿದ್ಯುತ್ ಮಾಡುತ್ತೇವೆ ಎಂಬುದು ನಮ್ಮ ಅಣುಶಕ್ತಿ ಇಲಾಖೆಯ ಹಳೆಯ ಪಲ್ಲವಿ. ಆ ಪ್ಲುಟೋನಿಯಂ ಉರಿಸಬೇಕಾದ ಕಲ್ಪಾಕ್ಕಂನ ರಿಯಾಕ್ಟರಿನ ಕಾಮಗಾರಿ 2004ರಲ್ಲಿ ಆರಂಭವಾಯಿತು, 2024 ಮುಗಿದರೂ ಅದರಿಂದ ಒಂದು ಯೂನಿಟ್ ವಿದ್ಯುತ್ ಬಂದಿರಲಿಲ್ಲ. ಅಲ್ಲಿಯವರೆಗೆ ಸಂಪತ್ತು ಎಲ್ಲಿರುತ್ತದೆ? ಮರುಸಂಸ್ಕರಣೆಯ ಬಳಿಕವೂ ಉಳಿಯುವ ಉಗ್ರ ತ್ಯಾಜ್ಯ ಎಲ್ಲಿಗೆ ಹೋಗುತ್ತದೆ? ಕೂಡಂಕುಳಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಾಗ, ರಿಯಾಕ್ಟರಿನಿಂದ ದೂರ ಬೇರೆ ಸಂಗ್ರಹಾಗಾರ ಕಟ್ಟಲು ಐದು ವರ್ಷದ ಗಡುವು ಇತ್ತು. ಗಡುವು ಮುಗಿಯಿತು, ಸಂಗ್ರಹಾಗಾರ ಆಗಲಿಲ್ಲ. 2018ರಲ್ಲಿ ಮತ್ತೆ 2022ರವರೆಗೆ ಸಮಯ ಕೇಳಿ ಪಡೆದರು. ರಿಯಾಕ್ಟರ್ ಮಾತ್ರ ಯಾರಿಗೂ ಕಾಯಲಿಲ್ಲ.

ಅದೇ ಮೊಕದ್ದಮೆಯಲ್ಲಿ, 2012ರ ನವೆಂಬರಿನಲ್ಲಿ, ಕೇಂದ್ರದ ಪರವಾಗಿ ಒಂದು ಮಾತು ಹೊರಬಿತ್ತು: ತ್ಯಾಜ್ಯವನ್ನು ಕೋಲಾರದ ಮುಚ್ಚಿದ ಚಿನ್ನದ ಗಣಿಗಳಲ್ಲಿ ಇಡಬಹುದು. 2001ರಲ್ಲಿ ಗಣಿ ಮುಚ್ಚಿಸಿಕೊಂಡು ಕೆಲಸ ಕಳೆದುಕೊಂಡಿದ್ದ ಕೆಜಿಎಫ್ ಜನ ಬೀದಿಗಿಳಿದರು. ಕೂಡಲೇ ಸರಕಾರ ಅಂತಹ ಯೋಚನೆಯಿಲ್ಲವೆಂದು ಜಾರಿಕೊಂಡಿತು. ಆದರೆ ಆ ಮಾತು ಗಾಳಿಯಿಂದ ಹುಟ್ಟಿದ್ದಲ್ಲ. 1980ರ ದಶಕದಲ್ಲೇ ಬಾಬಾ ಅಣು ಸಂಶೋಧನಾ ಕೇಂದ್ರದವರು ಅದೇ ಗಣಿಯ ಆಳದಲ್ಲಿ, ತ್ಯಾಜ್ಯದ ಶಾಖಕ್ಕೆ ಬಂಡೆ ಹೇಗೆ ವರ್ತಿಸುತ್ತದೆಂದು ಪ್ರಯೋಗ ನಡೆಸಿದ್ದರು. ಪ್ರಯೋಗ ನಡೆಸಿದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಗಣಿಯ ಮೇಲೆ ಬದುಕುತ್ತಿದ್ದವರಿಗೆ ತಮ್ಮ ಕಾಲ ಕೆಳಗಿನ ಸಂಗತಿ ಮೂರು ದಶಕದ ನಂತರ ದೆಹಲಿಯ ವಕೀಲರ ಬಾಯಿಂದ ತಿಳಿಯಬೇಕಾಯಿತು, ಅದು ತಪ್ಪು.

ಉಪಾಯವೇ ಇಲ್ಲವೆಂದಲ್ಲ. ಫುಕುಷಿಮಾದಲ್ಲೇ 408 ಕಟ್ಟುಗಳು ನೀರಿಲ್ಲದ, ಪಂಪು ಬೇಡದ ದಪ್ಪ ಉಕ್ಕಿನ ಪೀಪಾಯಿಗಳಲ್ಲಿ ಇದ್ದವು. ಸುನಾಮಿ ಅವುಗಳ ಮೇಲೂ ನುಗ್ಗಿತು, ಒಳಗಿನ ಇಂಧನಕ್ಕೆ ಏನೂ ಆಗಲಿಲ್ಲ. ಕೆಲವು ವರ್ಷ ನೀರಿನಲ್ಲಿ ತಂಪಾದ ಇಂಧನವನ್ನು ಹೀಗೆ ಒಣ ಪೀಪಾಯಿಗಳಿಗೆ ವರ್ಗಾಯಿಸಿದರೆ ಕೊಳ ಹಗುರಾಗುತ್ತದೆ, ಅಪಘಾತದ ದಿನ ಕಾಯಬೇಕಾದ್ದು ಕಡಿಮೆಯಾಗುತ್ತದೆ. ಇದಕ್ಕೆ ಹಣ ಬೇಕು, ವಿದ್ಯುತ್ ಇದರಿಂದ ಹುಟ್ಟುವುದಿಲ್ಲ, ಉದ್ಘಾಟನೆಗೆ ರಿಬ್ಬನ್ನೂ ಇಲ್ಲ.

ನಾವು ಕೇಳುವುದಿಷ್ಟೇ. ಕೈಗಾದಲ್ಲಿ ತಲಾ 700 ಮೆಗಾವ್ಯಾಟಿನ ಐದು ಮತ್ತು ಆರನೆಯ ಘಟಕಗಳಿಗಾಗಿ 2018ರ ಡಿಸೆಂಬರಿನಲ್ಲಿ ಮಲ್ಲಾಪುರದಲ್ಲಿ ಅಹವಾಲು ಸಭೆ ನಡೆದಾಗ ಜನ ವಿರೋಧಿಸಿದ್ದರು, ಮರುವರ್ಷ ಪರಿಸರ ಅನುಮತಿ ಸಿಕ್ಕಿತು. ಆ ಘಟಕಗಳು ಓಡುವ ಮೊದಲು, ಕೊಪ್ಪಳದಲ್ಲೋ ರಾಯಚೂರಿನಲ್ಲೋ ಇನ್ನೊಂದು ಜಾಗಕ್ಕೆ ಕಲ್ಲು ನೆಡುವ ಮೊದಲು, ಕೈಗಾದ ಕೊಳಗಳಲ್ಲಿ ಇಂದು ಎಷ್ಟು ಕಟ್ಟುಗಳಿವೆ, ಅತಿ ಹಳೆಯದು ಯಾವ ವರ್ಷದ್ದು, ಹದಿನೇಳು ಗಂಟೆಯ ಬದಲು ಹದಿನೇಳು ದಿನ ಕತ್ತಲಾದರೆ ನೀರು ಯಾರು ಹಾಕುತ್ತಾರೆ ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿ ಪಂಚಾಯಿತಿ ಕಟ್ಟೆಗೆ ಅಂಟಿಸಲಿ. 2025ರ ಡಿಸೆಂಬರಿನಲ್ಲಿ ಸಂಸತ್ತು ಹೊಸ ಕಾನೂನು ಮಾಡಿ ಖಾಸಗಿ ಕಂಪೆನಿಗಳಿಗೂ ಅಣು ವಿದ್ಯುತ್ತಿನ ಬಾಗಿಲು ತೆರೆದ ಮೇಲೆ ಈ ಲೆಕ್ಕ ಇನ್ನಷ್ಟು ಅಗತ್ಯ. ಕಂಪೆನಿಯ ಆಯುಷ್ಯ ಎಷ್ಟೆಂದು ಷೇರು ಮಾರುಕಟ್ಟೆಯವರನ್ನು ಕೇಳಿ ನೋಡಿ.

ಇನ್ನೊಂದು ಮಾತು. ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಇನ್ನೂ ಕೆಲಸ ನಡೆಯುತ್ತಿದೆ. ಅದರ ಬಗ್ಗೆ ಯಾರೂ ಈವರೆಗೆ ಅಂತಹ ಮಾತೆತ್ತಿಲ್ಲ, ನಾವೂ ಗುಲ್ಲೆಬ್ಬಿಸಲು ಬಯಸುವುದಿಲ್ಲ. ಆದರೆ ಕೋಲಾರದ ಗಣಿಯಲ್ಲೂ ಒಂದು ಕಾಲದಲ್ಲಿ ಚಿನ್ನ ಸಿಗುತ್ತಿತ್ತು. ಹಟ್ಟಿಯಲ್ಲಿ ಅದಿರು ಮುಗಿಯುವ ದಿನ ಆ ಆಳದ ಖಾಲಿ ಸುರಂಗಗಳ ಬಗ್ಗೆ ಯಾರು, ಎಲ್ಲಿ ಕುಳಿತು ತೀರ್ಮಾನಿಸುತ್ತಾರೆ ಎಂಬುದನ್ನು ಹಟ್ಟಿಯವರೂ ನಾವೂ ಈಗಲೇ ಕೇಳಿಟ್ಟುಕೊಳ್ಳಬೇಕು.