ಝಳ ಹೋಯಿತೆಂದು ಮೈಮರೆಯಬೇಡಿ, ಧಗೆ ಬರುವುದಿದೆ

ವಿಜಾಪುರ ರಸ್ತೆ, ಸೋಲಾಪುರ: ನಮ್ಮ ಕನ್ನಡದಾಗ ಒಂದು ಗಾದೆ ಇದೆ, 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ'. ಸೋಲಾಪುರ ಪೂರ್ವಭಾಗದ ನೇಕಾರ ಮನೆಗಳಲ್ಲಿ ತೆಲುಗು ಹಿರಿಯರು ಹೇಳುವ ಗಾದೆ ಬೇರೆ: 'ರೋಹಿಣಿ ಕಾರ್ತೆಲೋ ರೋಳ್ಳು ಪಗುಲುತಾಯಿ', ಅಂದರೆ ರೋಹಿಣಿಯಲ್ಲಿ ಒರಳುಕಲ್ಲು ಸಹ ಸೀಳುತ್ತವೆ. ಒಂದೇ ನಕ್ಷತ್ರಕ್ಕೆ ಒಬ್ಬರು ಮಳೆ ಅಂತಾರೆ, ಇನ್ನೊಬ್ಬರು ಬಿಸಿಲು ಅಂತಾರೆ. ಎರಡೂ ಭಾಷೆ ಬಲ್ಲ ನನ್ನಂಥವನಿಗೆ ಯಾರದು ಖರೆ ಎಂಬ ಪ್ರಶ್ನೆ ಬಹಳ ವರ್ಷ ಕಾಡಿತ್ತು. ಇತ್ತೀಚಿನ ಎರಡು ಬೇಸಿಗೆ ನೋಡಿದ ಮೇಲೆ ಇಬ್ಬರದೂ ಖರೆ ಅನಿಸಿದೆ.

2024ರ ಬೇಸಿಗೆ ನೆನಪು ಮಾಡಿಕೊಳ್ಳಿ. 2023ರ ಮಳೆಗಾಲ ಕೈಕೊಟ್ಟಿತ್ತು. ಉಜನಿ ಜಲಾಶಯದ ನೀರು ಮೃತ ಸಂಗ್ರಹದ ಮಟ್ಟಕ್ಕಿಂತಲೂ ಬಹಳ ಕೆಳಗೆ ಇಳಿದಿತ್ತು. ಮರು ವರ್ಷ 2025ರಲ್ಲಿ ಪೂರ್ತಿ ತಿರುವುಮುರುವು. ಮೇ ತಿಂಗಳೆಲ್ಲ ಗುಡುಗು ಮಳೆ. ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು, 26ಕ್ಕೆ ಮುಂಬೈ ಮುಟ್ಟಿತು. ರೋಹಿಣಿ ಕೂಡುವ ಹೊತ್ತಿಗೆ ಹೊಲ ಹಸಿಯಾಗಿತ್ತು. ಎರಡು ವರ್ಷಕ್ಕೆ ಎರಡು ಗಾದೆ. ಹೀಗಿರುವಾಗ 'ಈ ಸಲ ಬೇಸಿಗೆ ಹೆಂಗ್ರಿ?' ಎಂದು ಕೇಳುವ ರೈತನಿಗೆ, ಅಡತಿ ಅಂಗಡಿಯವನಿಗೆ ಏನು ಹೇಳಬೇಕು?

ಹವಾಮಾನ ಇಲಾಖೆ ಫೆಬ್ರುವರಿ ಕೊನೆಗೆ ಹಾಗೂ ಮಾರ್ಚ್ ಕೊನೆಗೆ ಬೇಸಿಗೆಯ ಮುನ್ನೋಟ ಕೊಡುತ್ತದೆ. ಅದು ಮೂರು ತಿಂಗಳ ಸರಾಸರಿಯ ಮಾತು. ವಾಡಿಕೆಗಿಂತ ಹೆಚ್ಚು ಬಿಸಿಲು ಎಂದು ಅದರಲ್ಲಿದ್ದರೆ ನಡುವೆ ಮಳೆ ಬರುವುದಿಲ್ಲ ಎಂದಲ್ಲ. ನಮ್ಮ ಭಾಗದ ಬೇಸಿಗೆ ನೇರ ಏರುವುದಿಲ್ಲ, ಅಲೆ ಅಲೆಯಾಗಿ ಬರುತ್ತದೆ. ಎಂಟು ಹತ್ತು ದಿನ ಒಣ ಝಳ, ನಂತರ ಎರಡು ದಿನ ಮೋಡ, ಸಂಜೆ ಗಾಳಿ, ಸಿಡಿಲು, ಆಣೆಕಲ್ಲು. ಮತ್ತೆ ಬಿಸಿಲು.

ಇದಕ್ಕೆ ಕಾರಣ ಹೀಗಿದೆ. ಎಪ್ರಿಲ್ ಮೇ ತಿಂಗಳಲ್ಲಿ ವಿದರ್ಭ, ಮರಾಠವಾಡಾದಿಂದ ಉತ್ತರ ಒಳನಾಡು ಕರ್ನಾಟಕದ ಮೇಲೆ ಹಾಯ್ದು ದಕ್ಷಿಣದ ತನಕ ಗಾಳಿಯ ಒಂದು ಕಡಿಮೆ ಒತ್ತಡದ ಪಟ್ಟಿ ಮೇಲಿಂದ ಮೇಲೆ ಏರ್ಪಡುತ್ತದೆ. ಅದು ಬಂಗಾಲ ಉಪಸಾಗರದ ಹಾಗೂ ಅರಬ್ಬಿ ಸಮುದ್ರದ ತೇವವನ್ನು ಒಳನಾಡಿಗೆ ಎಳೆಯುತ್ತದೆ. ಕೆಳಗೆ ನಮ್ಮ ಕರಿ ನೆಲ ಹಂಚಿನಂತೆ ಕಾದಿರುತ್ತದೆ. ತೇವದ ಗಾಳಿ ಆ ಕಾವಿಗೆ ಮೇಲೆದ್ದು ಮಧ್ಯಾಹ್ನದ ನಂತರ ಗೋಪುರದಂತೆ ಮೋಡವಾಗುತ್ತದೆ. ಅದೇ ನಮ್ಮ ಅಡ್ಡಮಳೆ, ಮರಾಠಿಯವರ ಅವಕಾಳಿ. ಒಂದು ಊರಿಗೆ ಬಿದ್ದರೆ ಪಕ್ಕದ ಊರಿಗೆ ಹನಿಯಿಲ್ಲ.

ಇಲ್ಲಿಯೇ ನಾವು ಮೋಸ ಹೋಗುತ್ತೇವೆ. ಮಳೆ ಬಿದ್ದ ಕೂಡಲೇ 'ತಂಪಾತು, ಬಿಸಲು ಹೋತು' ಅಂತೇವೆ. ಮರುದಿನ ನೆಲದ ಹಸಿ ಆವಿಯಾಗಿ ಮೇಲೇಳುತ್ತದೆ. ಪಾರಾ 42ರಿಂದ 38ಕ್ಕೆ ಇಳಿದಿರಬಹುದು, ಆದರೆ ಬೆವರು ಆರುವುದಿಲ್ಲ. ಬೆವರು ಆರಿದರೆ ಮಾತ್ರ ಮೈ ತಂಪು. ತೆಲುಗಿನಲ್ಲಿ ಒಣ ಬಿಸಿಗಾಳಿಗೆ 'ವಡಗಾಲಿ', ಬೆವರು ಸುರಿಸುವ ಸೆಕೆಗೆ 'ಉಕ್ಕಪೋತ' ಎಂದು ಬೇರೆ ಬೇರೆ ಹೆಸರಿವೆ. ನಮ್ಮಲ್ಲಿಯೂ ಝಳ ಬೇರೆ, ಧಗೆ ಬೇರೆ. ಝಳಕ್ಕೆ ಹೆದರುವ ನಾವು ಧಗೆಗೆ ಹೆದರುವುದಿಲ್ಲ.

ಈ ಪಾಠ ನಾನು ಕಲಿತದ್ದು ಕೆಲ ವರ್ಷದ ಹಿಂದೆ ನನ್ನ ಕಬ್ಬಿನ ಹೊಲದಲ್ಲಿ. ರಾತ್ರಿ ಮಳೆ ಆಗಿತ್ತು. ಇವತ್ತು ಬಿಸಿಲಿನ ಕಾಟವಿಲ್ಲ, ಎರಡು ಗಂಟೆ ತನಕ ಕಳೆ ತೆಗೆಯಿರಿ ಎಂದು ನಾನೇ ಹೇಳಿದ್ದೆ. ಒಂದು ಗಂಟೆ ಸುಮಾರಿಗೆ ಒಬ್ಬ ಹೆಣ್ಣುಮಗಳು 'ಅಣ್ಣಾರ, ಕಣ್ಣಿಗಿ ಕತ್ತಲಿ ಬರಾಕತ್ತದ್ರಿ' ಎಂದವಳೇ ಕುಸಿದಳು. ನೆರಳಿಗೆ ತಂದು, ಮೈಗೆ ನೀರು ಹಾಕಿ, ಗಾಳಿ ಬೀಸಿ, ದವಾಖಾನೆಗೆ ಒಯ್ದೆವು. ಬದುಕಿದಳು. ತಪ್ಪು ನನ್ನದೇ. ಹಿಂದಿನ ವಾರ 42 ಡಿಗ್ರಿಯಲ್ಲಿ ಹನ್ನೊಂದಕ್ಕೇ ಕೆಲಸ ಬಿಡಿಸಿದವನು, ಆ ದಿನ ಪಾರಾ ಕಡಿಮೆ ಎಂದು ಮೋಸ ಹೋದೆ.

ಸರ್ಕಾರದ ಲೆಕ್ಕದಲ್ಲಿಯೂ ಇದೇ ಕೊರತೆ. ಬಯಲು ಸೀಮೆಯಲ್ಲಿ ಉಷ್ಣತೆ ಕನಿಷ್ಠ 40 ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು, ಇಲ್ಲವೆ ನೇರ 45 ಆಗಬೇಕು. ಆಗ ಅದು ಬಿಸಿಗಾಳಿ ಅಲೆ. ಸೋಲಾಪುರದಲ್ಲಿ ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು. ಅಂದರೆ 43 ಡಿಗ್ರಿಯಲ್ಲಿ ಬೆಂದರೂ ನಮ್ಮದು ಅಲೆಯಲ್ಲ! ತೇವ ಈ ಲೆಕ್ಕಕ್ಕೆ ಸೇರಿಯೇ ಇಲ್ಲ. 2023ರಲ್ಲಿ ಇಲಾಖೆ ಉಷ್ಣತೆ, ತೇವ ಎರಡೂ ಕೂಡಿಸಿದ ಸೂಚ್ಯಂಕವನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಪವರ್‌ಲೂಮ್ ಶೆಡ್ಡಿನಲ್ಲಿ ಚಾದರ, ಟಾವೆಲ್ ನೇಯುವವರಿಗೆ, ಮನೆಯಲ್ಲಿ ಬೀಡಿ ಕಟ್ಟುವ ತಾಯಂದಿರಿಗೆ ಬೇಕಾದದ್ದು ಈ ಲೆಕ್ಕ. ಅದು ಅವರ ಭಾಷೆಯಲ್ಲಿ ಅವರ ತನಕ ಮುಟ್ಟಬೇಕು.

ಇನ್ನು ಗಡಿಯ ತೊಡಕು. ಟಾಕಳಿ ಹತ್ತಿರ ಭೀಮಾ ನದಿ ದಾಟಿದರೆ ಧೂಳಖೇಡ. ಈಚೆ ದಂಡೆ 'ಮಧ್ಯ ಮಹಾರಾಷ್ಟ್ರ', ಮುನ್ಸೂಚನೆ ಮುಂಬೈಯಿಂದ. ಆಚೆ ದಂಡೆ 'ಉತ್ತರ ಒಳನಾಡು ಕರ್ನಾಟಕ', ಮುನ್ಸೂಚನೆ ಬೆಂಗಳೂರಿನಿಂದ. ಮೋಡ ಮಾತ್ರ ಒಂದೇ. ಅಕ್ಕಲಕೋಟೆ, ಮೈಂದರ್ಗಿ, ದುಧನಿ ಕಡೆಯ ಕನ್ನಡ ರೈತರು ಎರಡನ್ನೂ ನೋಡುವುದೇ ಲೇಸು. ಎರಡೂ ಭಾಷೆ ಬರುವುದರ ಲಾಭ ಇಲ್ಲಿ ಪಡೆಯಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿದ 'ದಾಮಿನಿ' ಮೊಬೈಲಿನಲ್ಲಿ ಸಿಡಿಲಿನ ಎಚ್ಚರಿಕೆ ಕೊಡುತ್ತದೆ, 'ಮೇಘದೂತ' ಬೇಸಾಯದ ಸಲಹೆ ಕೊಡುತ್ತದೆ. ಇದೇ ಸಂಸ್ಥೆ 2018 ಮತ್ತು 2019ರಲ್ಲಿ ಸೋಲಾಪುರದ ಮೋಡಗಳ ಮೇಲೆಯೇ ಬಿತ್ತನೆ ಪ್ರಯೋಗ ನಡೆಸಿತ್ತು. ನಮ್ಮ ಮೋಡ ದೊಡ್ಡ ವಿಜ್ಞಾನಿಗಳು ಓದುವ ಮೋಡ. ನಾವೂ ಸ್ವಲ್ಪ ಓದಿದರೆ ತಪ್ಪಿಲ್ಲ.

ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ ಎಂದರ್ಥ. ಗಿಡದ ಬುಡ ಬಿಟ್ಟು ಗಟ್ಟಿ ಮನೆ ಸೇರಿರಿ. ಕೊನೆಯ ಗುಡುಗಿನ ನಂತರ ಅರ್ಧ ತಾಸು ಹೊರಗೆ ಬರಬೇಡಿರಿ. ದನಗಳನ್ನು ಬೇವಿನ ಗಿಡಕ್ಕೆ ಕಟ್ಟಿ ಮನೆಗೆ ಓಡುವ ರೂಢಿ ಬಿಡಬೇಕು.

ವ್ಯಾಪಾರಸ್ಥರಿಗೂ ಒಂದು ಮಾತು. 2014ರ ಫೆಬ್ರುವರಿ ಮಾರ್ಚ್‌ನಲ್ಲಿ ಸುರಿದ ಆಣೆಕಲ್ಲು ಈ ಭಾಗದ ದ್ರಾಕ್ಷಿ, ದಾಳಿಂಬೆ, ಜೋಳವನ್ನು ನೆಲಕ್ಕೆ ಹಾಕಿತ್ತು. ಒಣದ್ರಾಕ್ಷಿ ಶೆಡ್ಡಿಗೆ ಎಪ್ರಿಲ್ ಮಳೆಯ ತೇವ ಹೊಕ್ಕರೆ ಬಣ್ಣ ಕೆಟ್ಟು ದರ ಬೀಳುತ್ತದೆ. ಉಳ್ಳಾಗಡ್ಡಿಗೆ ಮಳೆ ಬರುವಾಗ ತಾಡಪತ್ರಿ ಬೇಕು, ಮಳೆ ನಿಂತ ಮೇಲೆ ಅದನ್ನು ತೆಗೆದು ಗಾಳಿ ಆಡಿಸಬೇಕು. ಮುಚ್ಚಿಯೇ ಇಟ್ಟರೆ ಧಗೆಗೆ ಒಳಗೇ ಕೊಳೆಯುತ್ತದೆ.

ಅಡ್ಡಮಳೆಯನ್ನು ಮುಂಗಾರೆಂದು ತಿಳಿದು ಬಿತ್ತುವುದೂ ಬೇಡ. 2025ರ ಮೇ ಕೊನೆಗೆ ಬಂದ ಮುಂಗಾರು ಜೂನಿನಲ್ಲಿ ಎರಡು ವಾರದಷ್ಟು ನಿಂತುಬಿಟ್ಟಿತು. 75ರಿಂದ 100 ಮಿಲಿಮೀಟರ್ ಮಳೆಯಾಗಿ ನೆಲ ಆಳಕ್ಕೆ ನೆನೆದ ಮೇಲೆಯೇ ಬಿತ್ತಿರಿ ಎಂದು ಕೃಷಿ ಇಲಾಖೆ ಹೇಳುತ್ತ ಬಂದಿದೆ. ಅದನ್ನು ಕೇಳೋಣ. ಹೊಲ ಹರಗಿ ಹದ ಮಾಡಿಟ್ಟುಕೊಂಡರೆ ಸಾಕು.

ಒರಳು ಸೀಳಲಿ, ಓಣಿಯಲ್ಲಿ ಜೋಳ ಬೆಳೆಯಲಿ, ಅದು ನಮ್ಮ ಕೈಯಲ್ಲಿಲ್ಲ. ಮಳೆ ಆದ ಮರುದಿನ ಕೂಲಿಯವರನ್ನು ಹನ್ನೊಂದಕ್ಕೆ ನೆರಳಿಗೆ ಕಳಿಸುವುದು, ಕೊಡ ತುಂಬ ನೀರಿಡುವುದು ನಮ್ಮ ಕೈಯಲ್ಲಿದೆ. ಅಷ್ಟನ್ನಾದರೂ ಈ ಬೇಸಿಗೆ ತಪ್ಪದೆ ಮಾಡೋಣ.