ಎರಡನೆಯದು ಸಿಗಲ್ಲ ಎಂದವರಿಂದ ಕೊಳ್ಳಬೇಡಿ

ಹೋದ ಚಳಿಗಾಲದಲ್ಲಿ ಡಾಲ್‌ಹೌಸಿಯ ಫುಟ್‌ಪಾತ್‌ನಲ್ಲಿ ಹಳೇ ನಾಣ್ಯ ಹರಡಿಕೊಂಡು ಕೂತಿದ್ದವರೊಬ್ಬರು ನನಗೆ 1919ರ ಕಾಲಾಣೆಯೊಂದನ್ನು 800 ರೂಪಾಯಿಗೆ ಮಾರಿದರು. ಪಂಚಮ ಜಾರ್ಜ್‌ನ ತಲೆಯ ಹಿಂದೆ, ಅಂಚಿಗೆ ಅಂಟಿಕೊಂಡಂತೆ ಕಂಚಿನ ಗಂಟೊಂದು ಉಬ್ಬಿತ್ತು. "ಟಂಕಸಾಲೆಯ ತಪ್ಪು ದೀದಿ, ಎರಡನೆಯದು ಸಿಗಲ್ಲ" ಎಂದರು. ಪುಟದ ಲೆಕ್ಕದಲ್ಲಿ ಅನುವಾದ ಮಾಡಿ ಬದುಕುವವಳಿಗೆ 800 ಅಂದರೆ ನಾಲ್ಕು ಪುಟ.

ಮನೆಗೆ ಬಂದು ಭೂತಗನ್ನಡಿ ಹಿಡಿದೆ. ಗಂಟಿನ ಮಗ್ಗುಲಲ್ಲಿ ಒಂದು ಅಕ್ಷರ ಜಜ್ಜಿಹೋಗಿ ಪಕ್ಕಕ್ಕೆ ಸರಿದಿತ್ತು. ಅಲ್ಲಿಗೆ ನನ್ನ ನಾಲ್ಕು ಪುಟ ಹೋಯಿತು.

ಯಾಕೆಂದರೆ ನಾಣ್ಯದಲ್ಲಿ ಉಬ್ಬಿರುವುದೆಲ್ಲ ಅಚ್ಚಿನಲ್ಲಿ ತಗ್ಗಾಗಿರುತ್ತದೆ. ಗಟ್ಟಿ ಉಕ್ಕಿನ ಅಚ್ಚು ಸಾವಿರಾರು ಸಲ ಪೆಟ್ಟು ತಿಂದು ಬಿರುಕು ಬಿಟ್ಟರೆ, ಲೋಹ ಆ ಬಿರುಕಿನೊಳಗೂ ನುಗ್ಗುತ್ತದೆ. ನಾಣ್ಯದ ಮೇಲೆ ಕೂದಲೆಳೆಯಂಥ ಉಬ್ಬುಗೆರೆ ಮೂಡುತ್ತದೆ. ಗೆರೆ ಒಳಕ್ಕೆ ಇಳಿದಿದ್ದರೆ ಅದು ಬರೀ ಗೀರು. ಅಚ್ಚಿನ ಅಂಚಿನ ಚೂರೇ ಕಳಚಿ ಬಿದ್ದರೆ ಆ ಜಾಗದಲ್ಲಿ ಗಂಟು ಬರುತ್ತದೆ, ಆದರೆ ಗಂಟಿನಲ್ಲಿ ಅಕ್ಷರದ ಸುಳಿವೂ ಇರುವುದಿಲ್ಲ. ಅಕ್ಷರ ಕೆತ್ತಿದ್ದ ಉಕ್ಕೇ ಬಿದ್ದುಹೋಗಿದೆಯಲ್ಲ! ಲೋಹವೆಲ್ಲ ಆ ಗುಳಿಗೆ ಹರಿದಿರುವುದರಿಂದ ನಾಣ್ಯದ ಹಿಂಬದಿಯಲ್ಲಿ, ಸರಿಯಾಗಿ ಅದೇ ಜಾಗದ ಚಿತ್ರ ಸಾಮಾನ್ಯವಾಗಿ ಮಸುಕಾಗಿರುತ್ತದೆ. ನನ್ನ ಕಾಲಾಣೆಯ ಹಿಂಬದಿ ಮಾತ್ರ ಎಲ್ಲೆಡೆ ಸ್ಫುಟವಾಗಿತ್ತು. ಯಾರೋ ಎಲ್ಲೋ ಕುಟ್ಟಿದ ನಾಣ್ಯ.

ಆದರೆ ಭೂತಗನ್ನಡಿ ಬೇಕಿರಲಿಲ್ಲ, ಆ ವ್ಯಾಪಾರಿಯ ಮಾತೇ ಸಾಕಿತ್ತು. ಮುರಿದ ಅಚ್ಚು ಒಂದೇ ನಾಣ್ಯ ಒತ್ತಿ ನಿಲ್ಲುವುದಿಲ್ಲ. ಯಾರಾದರೂ ಗಮನಿಸಿ ತೆಗೆಯುವವರೆಗೆ ಅದೇ ಗಂಟನ್ನು ಅದೇ ಜಾಗದಲ್ಲಿ ಒತ್ತುತ್ತಲೇ ಇರುತ್ತದೆ. ಓಲೆಗರಿ ಪ್ರತಿಗಳ ಕೆಲಸವೂ ಹೀಗೆಯೇ: ಎರಡು ಪ್ರತಿಗಳಲ್ಲಿ ಒಂದೇ ವಿಚಿತ್ರ ದೋಷವಿದ್ದರೆ ಎರಡಕ್ಕೂ ಒಂದೇ ಮೂಲ ಎಂದು ಊಹಿಸುತ್ತೇವೆ. ಒಂದರಲ್ಲಷ್ಟೇ ಇದ್ದರೆ ಅದು ಆ ಪ್ರತಿಯ ಹಣೆಬರಹ. ಹಾಗಾಗಿ ಎರಡನೆಯದು ಸಿಗುವುದೇ ಅಚ್ಚು ಬಿರುಕಿಗೆ ದೊಡ್ಡ ಸಾಕ್ಷಿ. "ಜಗತ್ತಿನಲ್ಲಿ ಒಂದೇ" ಎಂದು ಬೆಲೆ ಏರಿಸುವವರು ತಮ್ಮ ಸರಕಿನ ವಿರುದ್ಧವೇ ಸಾಕ್ಷಿ ಹೇಳುತ್ತಿರುತ್ತಾರೆ.

'ತಪ್ಪು ನಾಣ್ಯ' ಎಂಬ ಹೆಸರೂ ನನಗೆ ಒಪ್ಪಿಗೆಯಿಲ್ಲ. (ಬಂಗಾಳಿಯ ಟ್ಯಾಂಕ್‌ಶಾಲ್, ನಮ್ಮ ಟಂಕಸಾಲೆ ಎರಡೂ ಒಂದೇ ಸಂಸ್ಕೃತ ಪದದ ಮಕ್ಕಳು, ಈ ಊರಿನಲ್ಲಿ ನನಗೆ ಅನುವಾದ ಬೇಡದ ಕೆಲವೇ ಪದಗಳಲ್ಲೊಂದು.) ಇಸವಿ ತಪ್ಪಾಗಿ ಕೆತ್ತಿದರೆ ಅದು ತಪ್ಪು. ದುಡಿದು ದುಡಿದು ಉಕ್ಕು ಸೀಳುವುದು ತಪ್ಪಲ್ಲ, ಸವಕಳಿ. ತಪ್ಪು ಎಂದೊಡನೆ ಅಪರೂಪ ಅನಿಸುತ್ತದೆ, ಅಪರೂಪ ಅನಿಸಿದೊಡನೆ ಕೈ ಪರ್ಸಿಗೆ ಹೋಗುತ್ತದೆ. 'ಬಿರುಕಚ್ಚಿನ ನಾಣ್ಯ' ಎಂದು ಕರೆದರೆ ಕೊಳ್ಳುವವರು ಒಂದು ಗಳಿಗೆಯಾದರೂ ಯೋಚಿಸಿಯಾರು.

ಸ್ಟ್ರ್ಯಾಂಡ್ ರೋಡಿನ ಹಳೇ ಟಂಕಸಾಲೆ ಕೆಲಸ ಶುರುಮಾಡಿದ್ದು 1829ರಲ್ಲಿ. 1952ರಲ್ಲಿ ಅಲಿಪುರದ ಹೊಸದು ಬಂತು. ಅಲ್ಲಿ ಒತ್ತಿದ 1957ರ ಎರಡು ನಯಾ ಪೈಸೆಗಳು ಈಗ ನನ್ನ ಮೇಜಿನ ಮೇಲಿವೆ. ಇಸವಿಯ ಕೆಳಗೆ ಬೊಂಬಾಯಿಯ ವಜ್ರದ ಗುರುತಿಲ್ಲ; ಕಲ್ಕತ್ತಾಕ್ಕೆ ಗುರುತಿಲ್ಲದಿರುವುದೇ ಗುರುತು. ಒಂದರಲ್ಲಿ 7ರ ಕಾಲಿನಿಂದ ಹೊರಟ ಗೆರೆ ಅರ್ಧದಲ್ಲೇ ನಿಂತಿದೆ, ಇನ್ನೊಂದರಲ್ಲಿ ಅದೇ ಗೆರೆ ದಪ್ಪಗಾಗಿ ಅಂಚು ಮುಟ್ಟಿದೆ. ಎರಡಕ್ಕೂ ಸೇರಿ 20 ರೂಪಾಯಿ ಕೊಟ್ಟೆ. ಅಂಚಿನ ಚೂರು ಬಿದ್ದ ಮೇಲೆ ಒತ್ತಿದ ಮೂರನೆಯದನ್ನು ಹುಡುಕುತ್ತಿದ್ದೇನೆ.