ರಕ್ತದ ಸುಳಿವು, ಆಡಳಿತದ ಹೊಣೆ

ಕೊಕೇನ್ ವ್ಯಸನಿಗಳನ್ನು ಕಾಡುವ ಮನೋರೋಗದ ಸುಳಿವನ್ನು ಅವರ ರಕ್ತದಲ್ಲಿ ಅರಸುವ ಸಂಶೋಧನೆ ದಶಕಕ್ಕೂ ಮೀರಿ ನಡೆದುಬಂದಿದೆ. ಸ್ಪೇನಿನ ಮಲಗಾದ ವಿಜ್ಞಾನಿಗಳು ಹೊರರೋಗಿಗಳಾಗಿ ಚಿಕಿತ್ಸೆ ಪಡೆಯುತ್ತಿದ್ದವರ ಪ್ಲಾಸ್ಮಾದಲ್ಲಿ ಉರಿಯೂತಕ್ಕೆ ಸಂಬಂಧಿಸಿದ ಅಣುಗಳನ್ನೂ ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನನ್ನೂ ಅಳೆದು, ಇಂಟರ್‌ಲ್ಯೂಕಿನ್-1 ಬೀಟಾದಂಥ ಕೆಲವಕ್ಕೂ ವ್ಯಸನದ ತೀವ್ರತೆಗೂ ನಂಟಿದೆಯೆಂದು ತೋರಿಸಿದ್ದಾರೆ. ಈ ಶ್ರಮ ಗೌರವಾರ್ಹ. ಅದರ ಫಲವನ್ನು ಸ್ವೀಕರಿಸಲು ನಮ್ಮ ವ್ಯವಸ್ಥೆಗಳು ಸಿದ್ಧವಾಗಿಲ್ಲವೆಂಬುದೇ ಗಂಭೀರ ಚಿಂತನೆಗೆ ಅರ್ಹವಾದ ಸಂಗತಿ.

ಕೊಕೇನ್ ಬಿಟ್ಟ ದಿನಗಳಲ್ಲಿ ವ್ಯಸನಿಯನ್ನು ಆವರಿಸುವ ಜುಗುಪ್ಸೆ, ಅತಿನಿದ್ರೆ, ನಿರಾಸಕ್ತಿಗಳು ಮಾದಕದ್ರವ್ಯ ಬಿಟ್ಟುದರ ತಾತ್ಕಾಲಿಕ ಫಲವೋ ಅಥವಾ ಮೊದಲೇ ಬೇರೂರಿದ್ದ ಖಿನ್ನತೆಯೋ ಎಂಬುದನ್ನು ನಿರ್ಧರಿಸಲು ಮನೋವೈದ್ಯರು ಸುಮಾರು ಒಂದು ತಿಂಗಳು ಕಾಯಬೇಕಾಗುತ್ತದೆ. ಮೂತ್ರಪರೀಕ್ಷೆ ಸೇವನೆಯನ್ನಷ್ಟೇ ಹೇಳಬಲ್ಲದು, ಮನಸ್ಸಿನ ಸ್ಥಿತಿಯನ್ನಲ್ಲ. ಅನೇಕರು ಮರಳಿ ವ್ಯಸನಕ್ಕೆ ಜಾರುವುದು, ಕೆಲವರು ಬದುಕನ್ನೇ ಕೊನೆಗಾಣಿಸಿಕೊಳ್ಳಲು ಮುಂದಾಗುವುದು ಈ ನಿರೀಕ್ಷೆಯ ಅವಧಿಯಲ್ಲಿಯೇ. ಕೊಕೇನ್ ಅವಲಂಬನೆಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮೋದಿಸಿದ ಒಂದು ಔಷಧವೂ ಇಲ್ಲದಿರುವಾಗ, ಜೊತೆಗಿರುವ ಮನೋರೋಗವನ್ನು ಬೇಗ ಗುರುತಿಸಿ ಗುಣಪಡಿಸುವುದು ವೈದ್ಯರ ಕೈಯಲ್ಲಿರುವ ಕೆಲವೇ ಉಪಾಯಗಳಲ್ಲಿ ಒಂದು.

ಆದರೂ ರಕ್ತದ ಅಣುಗಳ ವಿಷಯದಲ್ಲಿ ಗುಂಪುಗಳ ಸರಾಸರಿಯಲ್ಲಿ ಕಂಡ ವ್ಯತ್ಯಾಸವು ಎದುರಿಗೆ ಕುಳಿತ ಒಬ್ಬ ರೋಗಿಯ ವಿಷಯದಲ್ಲಿ ನಿರ್ಣಾಯಕವಾಗದು. ಮದ್ಯ, ತಂಬಾಕು, ದೇಹತೂಕ, ವಯಸ್ಸು, ಲಿಂಗ, ವ್ಯಸನ ಬಿಟ್ಟು ಸಂದ ದಿನಗಳು, ಇವೆಲ್ಲವೂ ಈ ಅಣುಗಳ ಪ್ರಮಾಣವನ್ನು ಏರಿಳಿಸಬಲ್ಲವು. ರೋಗಿಯ ಮಾತನ್ನು ಸಾವಧಾನವಾಗಿ ಆಲಿಸುವ ವೈದ್ಯರ ಸ್ಥಾನವನ್ನು ಪ್ರಯೋಗಾಲಯದ ವರದಿಗೆ ಬಿಟ್ಟುಕೊಡುವುದು ವಿಜ್ಞಾನಕ್ಕೇ ಎಸಗುವ ಅಪಚಾರ.

ಭಾರತದಲ್ಲಿ ಕೊಕೇನ್ ಬಳಸುವವರು ಸುಮಾರು 10 ಲಕ್ಷವೆಂದು ಕೇಂದ್ರ ಸರ್ಕಾರವೇ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಅಂದಾಜಿಸಿದೆ. ಮಾದಕವಸ್ತು ಬಳಕೆಯಿಂದುಂಟಾಗುವ ಮಾನಸಿಕ ಸ್ಥಿತಿಗಳೂ ಮನೋರೋಗವೇ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಸ್ಸಂದಿಗ್ಧವಾಗಿ ಒಪ್ಪಿದೆ. ಹಾಗಿದ್ದೂ ಸರ್ಕಾರದ ಅನುದಾನದಲ್ಲಿ ನಡೆಯುವ ವ್ಯಸನಿಗಳ ಪುನರ್ವಸತಿ ಕೇಂದ್ರಗಳು ಸಾಮಾಜಿಕ ನ್ಯಾಯ ಸಚಿವಾಲಯದ ಅಧೀನದಲ್ಲಿವೆ, ಮಾನಸಿಕ ಆರೋಗ್ಯ ಕಾರ್ಯಕ್ರಮ ಆರೋಗ್ಯ ಸಚಿವಾಲಯದ ಅಧೀನದಲ್ಲಿದೆ. ವ್ಯಸನವನ್ನೂ ಮನೋರೋಗವನ್ನೂ ಒಂದೇ ಆವರಣದಲ್ಲಿ ನೋಡುವ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆ, ಜಿಲ್ಲೆಯ ರೋಗಿಯ ಪಾಲಿಗೆ ದೂರದ ಊರಿನ ಸೌಲಭ್ಯ. ಒಂದೇ ದೇಹದಲ್ಲಿ ಬೆರೆತ ಎರಡು ರೋಗಗಳನ್ನು ಎರಡು ಇಲಾಖೆಗಳಿಗೆ ಹಂಚಿ, ರೋಗಿಯನ್ನೂ ಅವನ ಮನೆಯವರನ್ನೂ ಅಲ್ಲಿಂದಿಲ್ಲಿಗೆ ಅಲೆಸುವ ಈ ಕ್ರಮಕ್ಕೆ ಯಾವ ಸಮರ್ಥನೆಯೂ ಇಲ್ಲ.

ಇದಕ್ಕಿಂತ ಕಳವಳಕಾರಿಯಾದ ಇನ್ನೊಂದು ಸಾಧ್ಯತೆಯಿದೆ: ರಕ್ತದ ವರದಿಯೇ ರೋಗಿಯ ವಿರುದ್ಧ ಬಳಕೆಯಾಗುವುದು. ಮಾದಕದ್ರವ್ಯಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಕೊಕೇನ್ ಸೇವನೆಯೊಂದಕ್ಕೇ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಸ್ವಯಂಪ್ರೇರಣೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಅದೇ ಕಾಯ್ದೆಯ 64ಎ ಸೆಕ್ಷನ್ ರಕ್ಷಣೆ ನೀಡಿದೆಯಾದರೂ ಆ ರಕ್ಷಣೆಯ ಅರಿವು ಎಷ್ಟು ಕುಟುಂಬಗಳಿಗಿದೆ? ಆಸ್ಪತ್ರೆಯಲ್ಲಿ ಕೊಟ್ಟ ರಕ್ತ ನಾಳೆ ಪೊಲೀಸರ ಕಡತಕ್ಕೋ ಉದ್ಯೋಗದಾತರ ಮೇಜಿಗೋ ತಲುಪೀತೆಂಬ ಭೀತಿ ಒಮ್ಮೆ ಹರಡಿದರೆ, ಚಿಕಿತ್ಸೆಯನ್ನು ಅರಸಿ ಬರಬೇಕಾದವರೇ ಅದರಿಂದ ದೂರ ಸರಿಯುತ್ತಾರೆ.

ಆದ್ದರಿಂದ ವ್ಯಸನಿಗಳಿಂದ ಚಿಕಿತ್ಸೆಗಾಗಲಿ ಸಂಶೋಧನೆಗಾಗಲಿ ಪಡೆದ ರಕ್ತ, ಅದರ ವರದಿ ಯಾವುದೇ ವಿಚಾರಣೆಯಲ್ಲಿ ಅವರ ವಿರುದ್ಧ ಬಳಕೆಯಾಗದಂತೆ ಕೇಂದ್ರ ಸರ್ಕಾರ ಕಾನೂನಿನಲ್ಲಿಯೇ ಸ್ಪಷ್ಟಪಡಿಸಬೇಕು. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ವ್ಯಸನವನ್ನೂ ಮನೋರೋಗವನ್ನೂ ಒಂದೇ ತಂಡ ನೋಡಿಕೊಳ್ಳುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರ ರೂಪಿಸಬೇಕು. ಅದಕ್ಕೆ ಹೊಸ ರಕ್ತಪರೀಕ್ಷೆ ಸಿದ್ಧವಾಗುವವರೆಗೆ ಕಾಯಬೇಕಾದ ಅಗತ್ಯವಿಲ್ಲ.